ಹನ್ನೆರಡು ಕೋಟ್ ಪಾಲಿಶ್

ನಮ್ಮ ಯಜಮಾನರದು ಮರಕ್ಕೆ ಪಾಲಿಶ್ ಹಾಕುವ ಕೆಲಸ. ಬಾಗಿಲು, ಮಂಚ, ಬೀರು, ಮೇಜು, ಏನೇ ಕೊಡಿ, ಅದರಲ್ಲಿ ನಿಮ್ಮ ಮುಖ ಕಾಣುವ ತನಕ ಕೈ ತೆಗೆಯುತ್ತಿರಲಿಲ್ಲ. ಕಂಡ ಮುಖ ಚೆನ್ನಾಗಿರದಿದ್ದರೆ ಅದು ಅವರ ತಪ್ಪಲ್ಲ. ಬೀದಿಯವರೆಲ್ಲ ಅವರನ್ನು ಕನ್ನಡಿ ಮಾಮ ಅಂತಲೇ ಕರೆಯುತ್ತಿದ್ದರು.

ನಾನು ಸೊಸೆಯಾಗಿ ಬಂದ ಮೊದಲ ವಾರ ಅವರ ಬೆರಳ ತುದಿಯ ಕೆಂಪು ನೋಡಿ, ಪಾಪ, ಕೈ ತೊಳೆಯುವುದನ್ನೇ ಇವರಿಗೆ ಯಾರೂ ಕಲಿಸಿಲ್ಲ ಅಂದುಕೊಂಡು ಸೋಪು ಹಚ್ಚಿ ಬ್ರಷ್ಷಿನಲ್ಲಿ ತಿಕ್ಕಿದೆ. ಚರ್ಮ ಸುಲಿಯಿತು, ಬಣ್ಣ ಹೋಗಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ, "ನಾನೂ ಹತ್ತು ವರ್ಷ ತಿಕ್ಕಿ ದಣಿದೆ ಕಣೇ, ಇನ್ನು ನಿನ್ನ ಸರದಿ" ಅಂತ ಹೇಳಿ ಒಳಗೆ ಹೋದರು.

ಅರಗಿನ ಬಣ್ಣ ಅದು. ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಸೋಸಿ, ಹತ್ತಿಯ ಉಂಡೆಯನ್ನು ಮೆತ್ತನೆಯ ಹಳೇ ಬಟ್ಟೆಯಲ್ಲಿ ಕಟ್ಟಿ, ಅದ್ದಿ ಅದ್ದಿ ಮರದ ಮೇಲೆ ಸಣ್ಣ ಸಣ್ಣ ಸುತ್ತಾಗಿ ತೀಡಬೇಕು. ಒಂದು ಕೋಟ್ ಒಣಗಿದ ಮೇಲೆ ಇನ್ನೊಂದು. ಬೇರೆಯವರು ಐದಾರು ಕೋಟ್ ಹಾಕಿ ಡಬ್ಬ ಮುಚ್ಚುತ್ತಿದ್ದರು. ಇವರದು ಹನ್ನೆರಡು. ಹನ್ನೊಂದಕ್ಕೆ ನಿಲ್ಲಿಸಿ ಮನೆಗೆ ಬಂದ ದಿನ ಊಟ ಸೇರುತ್ತಿರಲಿಲ್ಲ, ತಟ್ಟೆಯ ಮುಂದೆ ಕೂತು ಬೆರಳಲ್ಲಿ ಸುತ್ತು ಹಾಕುತ್ತಾ ಇರೋರು. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಹೊಸ ಪಾಲಿಶ್ ಹಾಕುವ ಮುಂಚೆ ಹಳೆಯದನ್ನು ಬ್ಲೇಡಿನಿಂದ ಕೆರೆದು, ಉಪ್ಪುಕಾಗದದಲ್ಲಿ ಉಜ್ಜಿ, ಮರವನ್ನು ಹುಟ್ಟಿದ ಮಗುವಿನ ಹಾಗೆ ಬರಿಮೈ ಮಾಡಬೇಕು. ಇದು ಅವರಿಗೆ ಕೆಲಸ ಕಲಿಸಿದ ಮೇಸ್ತ್ರಿಯ ಮೊದಲನೇ ಪಾಠ. ಹಳೆಯದರ ಮೇಲೆಯೇ ಬಳಿಯುವವನನ್ನು ಇವರು ಕೆಲಸಗಾರ ಅಂತಲೇ ಕರೆಯುತ್ತಿರಲಿಲ್ಲ, ಸುಣ್ಣ ಹೊಡೆಯೋನು ಅನ್ನುತ್ತಿದ್ದರು.

ಅವರಿಗೆ ಜೀವನದಲ್ಲಿ ಒಂದೇ ಒಂದು ನೋವಿತ್ತು. ಅದು ಬೆರಳಿನ ಗುರುತು. ಹದಿನೈದು ದಿನ ಕೂತು ಒಂದು ಬಾಗಿಲು ಮುಗಿಸೋರು. ಮನೆಯವರು "ಆಹಾ!" ಅಂತ ಹೇಳಿ ಐದೂ ಬೆರಳು ಊರಿ ತಳ್ಳಿಕೊಂಡು ಒಳಗೆ ಹೋಗೋರು. ಇವರು ಆಚೆ ಬೀದಿಯ ತನಕ ಬಂದು, ತಡೆಯಲಾರದೆ ವಾಪಸ್ ಹೋಗಿ ಒರೆಸಿ ಬಂದದ್ದುಂಟು. ಒಬ್ಬರ ಮನೆಯಲ್ಲಿ ಮೂರನೇ ಸಲ ಹೋದಾಗ ನಾಯಿ ಬಿಟ್ಟರು.

"ನಾನು ಮಾಡಿದ್ದು ಒಂದಾದರೂ ಯಾರೂ ಮುಟ್ಟದ ಹಾಗೆ ಇರಬೇಕು ಕಣೇ" ಅನ್ನುತ್ತಿದ್ದರು. "ಗಾಜಿನ ಪೆಟ್ಟಿಗೆ ಒಳಗೆ. ಜನ ಕೈ ಹಿಂದೆ ಕಟ್ಟಿಕೊಂಡು ನೋಡ್ಬೇಕು."

"ಬಾಗಿಲನ್ನ ಗಾಜಿನ ಪೆಟ್ಟಿಗೇಲಿ ಇಟ್ಟರೆ ಮನೆಯೊಳಗೆ ಹೋಗೋದು ಹೇಗ್ರೀ?" ಅಂದೆ.

"ನಿಂಗೆ ಅರ್ಥ ಆಗಲ್ಲ ಬಿಡು."

ಆಮೇಲೆ ಆ ವಯಲಿನ್ ಬಂತು. ಮುದುಕರೊಬ್ಬರು ತೀರಿಹೋದ ದೊಡ್ಡ ಮನೆ. ಅಲ್ಲಿ ಕಿಟಕಿಗಳ ಕೆಲಸಕ್ಕೆ ಹೋದವರಿಗೆ ಅಟ್ಟದ ಮೇಲೆ ಒಂದು ಕಪ್ಪು ಪೆಟ್ಟಿಗೆಯಲ್ಲಿ ಸಿಕ್ಕಿತು. ಬಣ್ಣ ಸತ್ತು, ತಂತಿ ಕಿತ್ತು, ಒಳಗೆ ಇಲಿ ಮರಿ ಹಾಕಿತ್ತು. ಮನೆಯವರು ಕಸ ಹೋದರೆ ಸಾಕು ಅಂತ ಕೊಟ್ಟುಬಿಟ್ಟರು. ಇವರು ಅದನ್ನು ಎದೆಗವುಚಿಕೊಂಡು ಮೆಟ್ಟಿಲು ಹತ್ತಿ ಬಂದರು.

"ನೋಡೇ ಇಲ್ಲಿ. ಇಷ್ಟು ವರ್ಷ ಚಪ್ಪಟೆ ಮರ ತೀಡಿ ತೀಡಿ ಸಾಕಾಗಿತ್ತು. ಬಾಗಿಲಿಗೆ ಸೊಂಟ ಇದೆಯೇನೇ? ಮಂಚಕ್ಕೆ ಇದೆಯಾ? ಇದಕ್ಕಿದೆ ನೋಡು."

ಅತ್ತೆ ಮೂಲೆಯಿಂದ, "ನಿನ್ನ ಹೆಂಡತಿಗೂ ಇತ್ತು ಕಣೋ, ನೀನು ನೋಡಲಿಲ್ಲ" ಅಂದರು.

ಕೆರೆದರು, ಉಜ್ಜಿದರು, ಹನ್ನೆರಡು ಕೋಟ್ ಹಾಕಿದರು. ವಯಲಿನ್ನು ಸಕ್ಕರೆ ಪಾಕದಲ್ಲಿ ಅದ್ದಿ ತೆಗೆದ ಹಾಗೆ ಹೊಳೆಯಿತು. ಅದರ ಜೊತೆಗೆ ಬಂದ ಕಮಾನಿಗೆ ಕುದುರೆ ಬಾಲದ ಕೂದಲು ಇರುತ್ತದಲ್ಲ, ಅದು ಮಂಕಾಗಿದೆ ಅಂತ ಅದಕ್ಕೂ ಪಾಲಿಶ್ ಹಾಕಿದರು. ಕೂದಲೆಲ್ಲ ಅಂಟಿಕೊಂಡು ಪಟ್ಟಿಯಾಗಿ, ಆ ಕಮಾನಿನಲ್ಲಿ ಆಮೇಲೆ ಚಪಾತಿ ಹಿಟ್ಟು ಬೇಕಾದರೂ ಕತ್ತರಿಸಬಹುದಿತ್ತು. ನುಡಿಸುವುದು ಬಿಟ್ಟು ಬೇರೆ ಎಲ್ಲ ಮಾಡಬಹುದಿತ್ತು.

ಅಲ್ಲಿಂದ ಶುರುವಾಯಿತು. ಯಾವ ಮನೆಗೆ ಕೆಲಸಕ್ಕೆ ಹೋದರೂ ಮೊದಲ ಮಾತೇ, "ಅಟ್ಟದಲ್ಲಿ ಊದೋದು, ಬಾರಿಸೋದು, ತಂತಿ ಇರೋದು ಏನಾದರೂ ಇದೆಯಾ?" ಯಾವ ಕಾಲದಲ್ಲೋ ಯುರೋಪಿನ ಕಡೆ ಹುಟ್ಟಿ, ಹಡಗು ಹತ್ತಿ ಬಂದು, ಯಾರ್ಯಾರ ಅಟ್ಟದಲ್ಲೋ ಅನಾಥವಾಗಿ ಉಳಿದ ವಾದ್ಯಗಳೆಲ್ಲ ಒಂದೊಂದಾಗಿ ನಮ್ಮ ಮೆಟ್ಟಿಲು ಹತ್ತಿದವು. ಲಾಂಡ್ರಿ ಅಂಗಡಿಯ ಮೇಲೆ ನಮ್ಮದು ಎರಡು ಕೋಣೆ, ಒಂದು ಅಡುಗೆಮನೆ. ಐದು ವಯಲಿನ್ ಗೋಡೆಗೆ ಏರಿದವು. ಕ್ಲಾರಿನೆಟ್ಟುಗಳು ಕಿಟಕಿ ಮೇಲೆ. ಆರು ಮೂಲೆಯ ಒಂದು ಪುಟ್ಟ ಪೆಟ್ಟಿಗೆ ಬಂತು, ಎರಡು ಕೈಯಲ್ಲಿ ಹಿಡಿದು ಎಳೆದು ಒತ್ತುವಂಥದ್ದು. ಅದಕ್ಕೆ ಕಾನ್ಸರ್ಟಿನಾ ಅಂತಾರಂತೆ. ಬಸವನ ಹುಳುವಿನ ಹಾಗೆ ಸುತ್ತಿಕೊಂಡ ಹಿತ್ತಾಳೆ ಕೊಂಬು ಬಂತು. ಅದಕ್ಕೆ ಅರಗು ಹಿಡಿಯಲಿಲ್ಲ ಅಂತ ಎರಡು ದಿನ ಬೇಜಾರು ಮಾಡಿಕೊಂಡು, ಕೊನೆಗೆ ಅದರ ಮೇಲಿದ್ದ ಅಕ್ಷರವೆಲ್ಲ ಅಳಿಸಿಹೋಗುವಷ್ಟು ತಿಕ್ಕಿ ಬೆಳಗಿದರು.

ಒಂದು ಸಂಜೆ ವಯಲಿನ್ನಿನ ಅಕ್ಕನ ಹಾಗಿದ್ದ ಒಂದು ದೊಡ್ಡ ವಾದ್ಯವನ್ನು ಬೆನ್ನ ಮೇಲೆ ಹೊತ್ತು ತಂದರು. ಚೆಲ್ಲೋ ಅಂತ ಅದರ ಹೆಸರು. ಎಲ್ಲಿಡುವುದು? ಮಂಚದ ಮೇಲೆ ಮಲಗಿಸಿದರು. ಅತ್ತೆ ಕನ್ನಡಕ ಏರಿಸಿ ಅದರ ಭುಜ, ಸೊಂಟ, ಸೊಂಟದ ಕೆಳಗೆ ಎಲ್ಲ ನಿಧಾನವಾಗಿ ನೋಡಿ ನನ್ನ ಕಡೆ ತಿರುಗಿದರು.

"ಬಂದಳು ನೋಡೇ ನಿನ್ನ ಸವತಿ. ಮೈಕೈ ತುಂಬ್ಕೊಂಡು ಚೆನ್ನಾಗಿದಾಳೆ."

ಆವತ್ತಿಂದ ಚೆಲ್ಲೋ ಹೆಸರು ನಮ್ಮ ಮನೆಯಲ್ಲಿ ಸವತಿ ಅಂತಲೇ ಆಯಿತು. ಸವತಿ ಮಂಚದ ಮೇಲೆ, ನಾನು ನೆಲದ ಮೇಲೆ. ಮೂರು ತಿಂಗಳಾದ ಮೇಲೆ ನಾನು ಗಲಾಟೆ ಮಾಡಿ ಅವಳನ್ನು ಮೂಲೆಗೆ ನಿಲ್ಲಿಸಿದೆ. ಅತ್ತೆ ಅವಳ ಕತ್ತಿಗೆ ತಮ್ಮ ಮಾತ್ರೆ ಚೀಲ ನೇತುಹಾಕಿದರು.

ಇಷ್ಟು ವಾದ್ಯವಿದ್ದ ಮನೆಯಲ್ಲಿ ಇಷ್ಟು ಮೌನ ಇನ್ನೆಲ್ಲೂ ಇರಲಿಕ್ಕಿಲ್ಲ. ಇವರಿಗೆ ಒಂದನ್ನೂ ನುಡಿಸಲು ಬರುತ್ತಿರಲಿಲ್ಲ. ಬೇರೆಯವರು ಮುಟ್ಟುವ ಹಾಗೂ ಇರಲಿಲ್ಲ. ಅತ್ತೆಗೆ ಆ ಕಾನ್ಸರ್ಟಿನಾ ಮೇಲೆ ಕಣ್ಣು. ಮಗ ಆಚೆ ಹೋಗುವುದನ್ನೇ ಕಾದು ಕೈ ಚಾಚುತ್ತಿದ್ದರು. ಇವರು ಸಂಜೆ ಬಂದು ದೀಪದ ಕೆಳಗೆ ಹಿಡಿದು, "ಅಮ್ಮಾ, ಇದು ನಿನ್ನ ಹೆಬ್ಬೆಟ್ಟು" ಅನ್ನುತ್ತಿದ್ದರು. ಪೊಲೀಸರಿಗೂ ಅಷ್ಟು ಸಲೀಸಾಗಿ ಗುರುತು ಸಿಗಲಿಕ್ಕಿಲ್ಲ.

ಇವೆಲ್ಲದರ ನಡುವೆ ಒಂದು ವಾದ್ಯ ಮಾತ್ರ ನನ್ನದಾಗಿತ್ತು. ಅದು ವಾದ್ಯ ಅಂತ ನನಗೆ ಪೂರ್ತಿ ನಂಬಿಕೆ ಇರಲಿಲ್ಲ. ಮುಚ್ಚಿಹೋದ ಯಾವುದೋ ಹಳೇ ವ್ಯಾಪಾರದ ಕಚೇರಿಯ ಉಗ್ರಾಣದಲ್ಲಿ ಕಾವಲುಗಾರರು ಬೆಂಚು ಮಾಡಿಕೊಂಡು ಕೂರುತ್ತಿದ್ದ ಒಂದು ಉದ್ದನೆ ಪೆಟ್ಟಿಗೆ. ನನ್ನಷ್ಟು ಉದ್ದ, ಒಂದೂವರೆ ಅಡಿ ಅಗಲ, ಗೇಣಿನಷ್ಟು ಎತ್ತರ. ಕಾಲಿಲ್ಲ. ಮುಚ್ಚಳ ತೆಗೆದರೆ ಒಳಗೆ ಪಿಯಾನೋ ತರಹ ಬೆರಳಲ್ಲಿ ಒತ್ತುವ ಮನೆಗಳು, ಅದೂ ಕಪ್ಪಿರಬೇಕಾದ ಕಡೆ ಬಿಳಿ, ಬಿಳಿ ಇರಬೇಕಾದ ಕಡೆ ಕಪ್ಪು. ಒತ್ತಿದರೆ ಸೊಳ್ಳೆ ಗುಟ್ಟು ಹೇಳಿದಷ್ಟೇ ಸದ್ದು. ಇವರಿಗೂ ಅದರ ಮೇಲೆ ಅಂಥ ಪ್ರೀತಿ ಹುಟ್ಟಲಿಲ್ಲ. ಸೊಂಟ ಇರಲಿಲ್ಲವಲ್ಲ. "ಇದು ಆಮೇಲೆ ಮಾಡೋಣ" ಅಂತ ಗೋಡೆಗೆ ಒರಗಿಸಿದರು.

ನಾನು ಆಗ ಕೆಳಗಿನ ಲಾಂಡ್ರಿಗೆ ಇಸ್ತ್ರಿ ಮಾಡಿಕೊಡುತ್ತಿದ್ದೆ. ನೆಲದ ಮೇಲೆ ಕೂತು ಮಾಡಿ ಮಾಡಿ ನಡು ಬಿದ್ದುಹೋಗಿತ್ತು. ಎರಡು ಕಡೆ ಎರಡು ಸ್ಟೂಲ್ ಇಟ್ಟು, ಆ ಪೆಟ್ಟಿಗೆಯನ್ನು ಅವುಗಳ ಮೇಲೆ ಮಲಗಿಸಿ, ಮೇಲೆ ದಪ್ಪ ಕಂಬಳಿ ಎರಡು ಮಡಿಕೆ ಹಾಕಿದೆ. ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಪ್ಯಾಂಟು ಹಾಸಿದರೆ ಸೊಂಟದಿಂದ ಪಾದದ ತನಕ ಒಂದೇ ಸಲಕ್ಕೆ ಬರುತ್ತಿತ್ತು. ಒಳಗೆ ದಾರದ ಉಂಡೆ, ಗುಂಡಿ, ಕತ್ತರಿ ಇಟ್ಟುಕೊಂಡೆ. ಹನ್ನೊಂದು ವರ್ಷ ಅದರ ಮೇಲೆ ಬೀದಿಯ ಅರ್ಧ ಜನರ ಬಟ್ಟೆ ನೆಟ್ಟಗೆ ಮಾಡಿದ್ದೇನೆ.

ಒಂದು ದಿನ ಕಂಬಳಿ ಒಗೆಯಲು ತೆಗೆದಿದ್ದಾಗ, ಅವಸರದಲ್ಲಿ ಒಲೆಯಿಂದ ಇಳಿಸಿದ ಹಾಲಿನ ಪಾತ್ರೆಯನ್ನು ಮುಚ್ಚಳದ ಮೇಲೆಯೇ ಇಟ್ಟುಬಿಟ್ಟೆ. ಎತ್ತಿ ನೋಡಿದರೆ ಚಂದ್ರನ ಹಾಗೆ ಗುಂಡಗೆ ಬೆಳ್ಳನೆಯ ಗುರುತು. ಒರೆಸಿದೆ, ಹೋಗಲಿಲ್ಲ. ಒಣಗದ ಕಂಬಳಿಯನ್ನೇ ತಂದು ಮೇಲೆ ಎಳೆದೆ. ಅತ್ತೆ ನೋಡಿದರು. ಏನೂ ಅನ್ನಲಿಲ್ಲ. ಆದರೆ ಅವರ ಬಾಯಲ್ಲಿ ಆ ಮಾತು ಇದ್ದೇ ಇದೆ ಅಂತ ನನಗೆ ಗೊತ್ತಿತ್ತು.

ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಒಂದು ಭಾನುವಾರ ಪೇಪರ್ ಹಿಡಿದುಕೊಂಡು ಓಡಿ ಬಂದಳು. ಊರಿನ ಮ್ಯೂಸಿಯಮ್ಮಿನಲ್ಲಿ ಹಳೇ ವಾದ್ಯಗಳಿಗೆ ಅಂತಲೇ ಹೊಸ ಹಾಲ್ ತೆರೆಯುತ್ತಾರಂತೆ. ಯಾರ ಮನೆಯಲ್ಲಾದರೂ ಯುರೋಪಿನ ಹಳೇ ವಾದ್ಯಗಳಿದ್ದರೆ ತಿಳಿಸಬೇಕಂತೆ, ತಿಳಿದವರು ಬಂದು ನೋಡುತ್ತಾರಂತೆ.

"ಅಪ್ಪಾ, ನಾವು ಬರೆಯೋಣ್ವಾ?"

ಇವರು ಎದ್ದು ಹೋಗಿ ಮೊದಲನೇ ವಯಲಿನ್ನಿನ ಮುಂದೆ ನಿಂತರು. ಆಮೇಲೆ ಮೆಲ್ಲಗೆ, "ಅಲ್ಲಿ ಗಾಜಿನ ಪೆಟ್ಟಿಗೆ ಇರುತ್ತಾ?" ಅಂದರು.

"ಇರುತ್ತಪ್ಪ."

"ಬೀಗ?"

"ಬೀಗಾನೂ ಇರುತ್ತೆ."

ಅವರಿಗೆ ಆಗ ಅರವತ್ತೆರಡು. ಅವರ ಮುಖ ಹಾಗೆ ಅರಳಿದ್ದನ್ನು ನಾನು ಮಗಳು ಹುಟ್ಟಿದ ದಿನ ಬಿಟ್ಟರೆ ಇನ್ನೆಂದೂ ನೋಡಿರಲಿಲ್ಲ.

ಮಗಳು ಬರೆದಳು. ಮ್ಯೂಸಿಯಮ್ಮಿನ ಮೇಡಂ ಇಂಥ ದಿನ ಬರುತ್ತಾರೆ ಅಂತ ಉತ್ತರ ಬಂತು. ಮನೆಯಲ್ಲಿ ಗೋಡೆ ಒರೆಸಿದ್ದೇನು, ಪರದೆ ಒಗೆದಿದ್ದೇನು! ಹಿತ್ತಾಳೆ ಕೊಂಬೊಂದು ಬಿಟ್ಟು, ಇಪ್ಪತ್ತೆರಡರಲ್ಲಿ ಉಳಿದ ಎಲ್ಲಕ್ಕೂ ಇವರು ಹದಿಮೂರನೇ ಕೋಟ್ ಹಾಕಿದರು. ಎರಡು ದಿನ ಉಳಿದಿದ್ದಾಗ ಮಧ್ಯಾಹ್ನ ಬ್ಲೇಡು, ಉಪ್ಪುಕಾಗದ ಹಿಡಿದುಕೊಂಡು ನನ್ನ ಇಸ್ತ್ರಿ ಮೇಜಿನ ಹತ್ತಿರ ಬಂದು ನಿಂತರು.

"ಸ್ವಲ್ಪ ತೆರವು ಮಾಡೇ. ಇದೊಂದು ಉಳಿದುಬಿಟ್ಟಿದೆ. ಅವರು ಬರೋ ಹೊತ್ತಿಗೆ ಆರು ಕೋಟಾದರೂ ಹಾಕ್ತೀನಿ."

ನನ್ನ ಕೈಯಲ್ಲಿ ಕಾದ ಇಸ್ತ್ರಿ ಪೆಟ್ಟಿಗೆ. ಪಕ್ಕದಲ್ಲಿ ಶಾಲೆ ಮಕ್ಕಳ ನಲವತ್ತು ಅಂಗಿ. ಕಂಬಳಿ ಕೆಳಗೆ ಆ ಬಿಳಿ ಚಂದ್ರ.

"ಆಗಲ್ಲ" ಅಂದೆ.

"ಯಾಕಾಗಲ್ಲ?"

"ನಿಮ್ಮ ಮೇಡಂ ಬರ್ತಾರೆ ಅಂತ ನಲವತ್ತು ಮಕ್ಕಳು ನಾಳೆ ಬರೀ ಮೈಯಲ್ಲಿ ಶಾಲೆಗೆ ಹೋಗ್ಬೇಕಾ?"

"ನೆಲದ ಮೇಲೆ ಮಾಡ್ಕೋ."

"ನಡು ನಿಮ್ಮಪ್ಪ ಕೊಡ್ತಾರಾ?"

"ಸತ್ತವರ ಸುದ್ದಿ ಯಾಕೆ ತರ್ತೀಯ!"

"ನೀವು ಯಾಕೆ ಬದುಕಿರೋರನ್ನ ಸಾಯಿಸ್ತೀರ? ಇಪ್ಪತ್ತೆರಡು ಇದೆಯಲ್ಲ, ಇದೊಂದು ಬಿಟ್ಟರೆ ಏನು ಮುಳುಗಿಹೋಗುತ್ತೆ? ಇದು ಕೊಡಲ್ಲ ಅಂದ್ರೆ ಕೊಡಲ್ಲ."

ಇಡೀ ಬೀದಿಗೆ ಕೇಳಿಸುವ ಹಾಗೆ ಜಗಳವಾಯಿತು. ಕೆಳಗಿನ ಲಾಂಡ್ರಿಯವನು ಮೆಟ್ಟಿಲ ಬುಡದಲ್ಲಿ ನಿಂತು, "ಅಕ್ಕಾ, ಅಂಗಿ ಸುಟ್ಟೀತು, ಬೈಯೋವಾಗ ಇಸ್ತ್ರಿ ಎತ್ತಿಟ್ಕೊಳ್ಳಿ" ಅಂತ ಕೂಗಿದ. ಇವರು ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟರು. ನೀರು ಬೇಕಾದರೆ ಸವತಿಯ ಕಡೆ ನೋಡಿ, "ಒಂದು ಲೋಟ ನೀರು ಸಿಕ್ಕಿದ್ರೆ ಚೆನ್ನಾಗಿತ್ತು" ಅನ್ನೋರು.

ಆ ದಿನ ಬೆಳಗ್ಗೆ ಹತ್ತು ಗಂಟೆಗೆ ಮೇಡಂ ಬಂದರು. ಸಣಕಲು ಹೆಂಗಸು, ದಪ್ಪ ಕನ್ನಡಕ, ಕೈಯಲ್ಲಿ ಹಲ್ಲಿನ ಡಾಕ್ಟರು ಇಟ್ಟುಕೊಳ್ಳುವಂಥ ಪುಟ್ಟ ಕನ್ನಡಿ, ಒಂದು ಟಾರ್ಚು, ಒಂದು ಚಿಮಟ. ಇವರು ಕೂದಲು ಬಾಚಿ, ನಾನೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದೊಂದೇ ವಾದ್ಯವನ್ನು ಬಟ್ಟೆಯಲ್ಲಿ ಹಿಡಿದು ಮುಂದಿಟ್ಟರು. ಮೇಡಂ ಮೊದಲನೇ ವಯಲಿನ್ನಿನ ಹೊಟ್ಟೆಯೊಳಗೆ ಕನ್ನಡಿ ಬಿಟ್ಟು ಟಾರ್ಚು ಹಾಕಿದರು. ಒಳಗೆ ಅಂಟಿಸಿದ್ದ, ಮಾಡಿದವನ ಹೆಸರಿನ ಚೀಟಿ ಓದಿ ಅವರ ಹುಬ್ಬು ಮೇಲೆ ಹೋಯಿತು. ಹೊರಗೆ ತಿರುಗಿಸಿ ನೋಡಿ ಹುಬ್ಬು ಕೆಳಗೆ ಬಂತು.

"ಇದರ ಮೇಲೆ ಇದ್ದ ಬಣ್ಣ ಏನಾಯ್ತು?"

"ಕೆರೆದು ತೆಗೆದೆ ಮೇಡಂ. ಒಂದು ಚೂರೂ ಬಿಟ್ಟಿಲ್ಲ" ಅಂದರು ಇವರು, ಹೆಮ್ಮೆಯಿಂದ. "ಆಮೇಲೆ ಹನ್ನೆರಡು ಕೋಟ್. ಮೊನ್ನೆ ಇನ್ನೊಂದು."

ಮೇಡಂ ಎರಡನೆಯದು ನೋಡಿದರು, ಮೂರನೆಯದು ನೋಡಿದರು. ಸವತಿಯ ಕತ್ತಿನ ಮಾತ್ರೆ ಚೀಲ ಬಿಚ್ಚಿ ಪಕ್ಕಕ್ಕಿಟ್ಟು ಅವಳನ್ನೂ ನೋಡಿದರು. ಕೊಂಬಿನ ಮೇಲೆ ಅಕ್ಷರ ಹುಡುಕಿದರು. ಪ್ರತಿಯೊಂದಕ್ಕೂ ಇವರ ವಿವರಣೆ ಉದ್ದವಾಗುತ್ತಾ ಹೋಯಿತು, ಅವರ ಮುಖ ಸಣ್ಣದಾಗುತ್ತಾ ಹೋಯಿತು. ಹನ್ನೆರಡನೆಯದರ ಹೊತ್ತಿಗೆ ಇವರಿಗೂ ಏನೋ ಅನ್ನಿಸಿರಬೇಕು. ಮಾತು ನಿಂತಿತು.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಒಳ್ಳೆಯವರು, ಸಾವಿನ ಮನೆಯಲ್ಲಿ ಮಾತಾಡುವ ಹಾಗೆ ಮೆಲ್ಲಗೆ ಹೇಳಿದರು. "ಯಜಮಾನರೇ, ನಿಮ್ಮಂಥ ಕೈ ನಾನು ನೋಡಿಲ್ಲ. ಆದರೆ ಇಂಥ ವಾದ್ಯಕ್ಕೆ ಮೇಲಿನ ಹಳೇ ಬಣ್ಣವೇ ಅದರ ವಯಸ್ಸು. ಮಾಡಿದವನ ಕೈ ಅದರಲ್ಲೇ ಇರೋದು. ಅದು ಹೋದ ಮೇಲೆ ನಾವು ಇಡೋ ಹಾಗಿಲ್ಲ."

"ಒಂದೂ?"

"ಒಂದೂ."

ಇವರು ಆ ಬಟ್ಟೆಯನ್ನು ಕೈಯಲ್ಲಿ ಹಿಡಿದೇ ಕೂತರು. ಬೆರಳು ಮಾತ್ರ ತಮ್ಮಷ್ಟಕ್ಕೆ ಸುತ್ತುತ್ತಿದ್ದವು. ಮಗಳು ಕಿಟಕಿ ಕಡೆ ತಿರುಗಿದಳು. ಎರಡು ದಿನದ ಮುನಿಸೆಲ್ಲ ನನಗೆ ಎಲ್ಲಿ ಹೋಯಿತೋ, ಆ ಮೇಡಂ ಕೈಯಿಂದ ಟಾರ್ಚು ಕಿತ್ತುಕೊಂಡು ಎಸೆಯೋಣ ಅನ್ನಿಸಿತು.

ಮೇಡಂ ಚೀಲ ತೆಗೆದುಕೊಂಡವರು, ಸುಮ್ಮನೆ ಹೋಗಲು ಮನಸ್ಸು ಬಾರದೆ ಕೇಳಿದರು: "ನೀವು ಕೈ ಹಾಕದೇ ಇರೋದು ಯಾವುದಾದರೂ ಇದೆಯಾ?"

ಇವರು ನನ್ನ ಮುಖ ನೋಡಿದರು. ನಾನು ಅಂಗಿ ರಾಶಿ ನೋಡಿದೆ.

"ಒಂದಿದೆ" ಅಂದರು ಇವರು, ತಪ್ಪೊಪ್ಪಿಕೊಳ್ಳುವವರ ಹಾಗೆ. "ನನ್ನ ಹೆಂಡತಿ ಬಿಡಲಿಲ್ಲ."

ಅಂಗಿ ಎತ್ತಿದೆ, ಕಂಬಳಿ ಎಳೆದೆ. ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟರೆ ಮೇಡಂ ನೆಲದ ಮೇಲೆ ಮಂಡಿ ಊರಿ ಕೂತಿದ್ದಾರೆ. ಮೂಗು ಮರಕ್ಕೆ ತಾಗುವಷ್ಟು ಹತ್ತಿರ. ಅಂಚು ನೋಡಿದರು, ಕೀಲು ನೋಡಿದರು, ಮೆಲ್ಲಗೆ ಮುಚ್ಚಳ ಎತ್ತಿದರು. ಒಳಗಿನಿಂದ ದಾರದ ಉಂಡೆ ತೆಗೆದಿಟ್ಟರು. ಗುಂಡಿ ಡಬ್ಬಿ ತೆಗೆದಿಟ್ಟರು. ಮಗಳು ಚಿಕ್ಕವಳಿದ್ದಾಗಿನ ಒಂಟಿ ಕಾಲುಚೀಲ ತೆಗೆದಿಟ್ಟರು. ಆಮೇಲೆ ತಂತಿಗಳ ಹಿಂದೆ, ಮೂಲೆಯಲ್ಲಿ, ಕರವಸ್ತ್ರದ ಗಂಟೊಂದನ್ನು ಚಿಮಟದಲ್ಲಿ ಹಿಡಿದು ಎತ್ತಿ ಬಿಡಿಸಿದರು.

"ಇದು... ವಾದ್ಯದ ಭಾಗವಾ?"

ಅತ್ತೆಯ ಹಲ್ಲು ಸೆಟ್ಟು! ಎರಡು ವರ್ಷದಿಂದ ಕಳೆದುಹೋಗಿದ್ದು. ಸೊಸೆ ಬೇಕು ಅಂತಲೇ ಕಸಕ್ಕೆ ಹಾಕಿದಳು ಅಂತ ಬಂದವರಿಗೆಲ್ಲ ಹೇಳಿ, ನೆಂಟರ ಮುಂದೆ ಅತ್ತು, ಬರೀ ಗಂಜಿ ಕುಡಿದು ನನ್ನ ಮಾನ ಕಳೆದಿದ್ದರು. ಭದ್ರವಾಗಿರಲಿ ಅಂತ ತಾವೇ ಅಲ್ಲಿಟ್ಟು ತಾವೇ ಮರೆತಿದ್ದರು.

"ನೋಡಿದೆಯಾ, ನಾನು ಹೇಳಲಿಲ್ವಾ ಮನೇಲೇ ಇದೆ ಅಂತ!" ಅಂದರು ಅತ್ತೆ, ಒಂದು ಚೂರೂ ನಾಚಿಕೆಯಿಲ್ಲದೆ.

ಮೇಡಂ ಅದನ್ನು ಅವರ ಕೈಗೆ ಕೊಟ್ಟು, ವಾದ್ಯದ ಒಂದು ಮನೆಯನ್ನು ಒತ್ತಿದರು. ಸೊಳ್ಳೆ ಗುಟ್ಟು ಹೇಳಿತು. ಅವರ ಕನ್ನಡಕದ ಹಿಂದೆ ಕಣ್ಣು ಒದ್ದೆಯಾಯಿತು.

"ಇದು ಕ್ಲಾವಿಕಾರ್ಡ್. ಪಿಯಾನೋಗಿಂತ ಮುಂಚಿನದು. ಇನ್ನೂರು ವರ್ಷದ ಮೇಲೆ ಆಗಿದೆ. ಮೇಲಿನ ಬಣ್ಣ ಹುಟ್ಟಿದಾಗ ಹೇಗಿತ್ತೋ ಹಾಗೇ ಇದೆ. ಇಷ್ಟು ಜೋಪಾನವಾಗಿ ಹೇಗೆ ಇಟ್ಟಿರಿ?"

ನಾನು ಇಸ್ತ್ರಿ ಪೆಟ್ಟಿಗೆಯನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದೆ.

"ಈ ಗುಂಡನೆ ಗುರುತು ಮಾತ್ರ..." ಅಂತ ಮೇಡಂ ಮುಚ್ಚಳದ ಮೇಲೆ ಟಾರ್ಚು ಹಿಡಿದರು. "ತುಂಬಾ ಹಳೇದಿರಬೇಕು. ಆ ಕಾಲದಲ್ಲಿ ದೀಪದ ಕಂಬ ಇಡ್ತಿದ್ದರೋ ಏನೋ."

ಅತ್ತೆ ಬಾಯಿ ತೆರೆದರು. "ಅದು ಹಾಲಿನ..."

"ಅಮ್ಮಾ," ಅಂದರು ಇವರು, "ಮೊದಲು ಹೋಗಿ ಹಲ್ಲು ತೊಳ್ಕೊಂಡು ಹಾಕ್ಕೊಂಡು ಬಾ."

ಅಂದರೆ ಇವರಿಗೆ ಗೊತ್ತಿತ್ತು! ಕಂಬಳಿ ಎತ್ತಿ ಯಾವಾಗಲೋ ನೋಡಿದ್ದಾರೆ, ನನಗೆ ಒಂದು ಮಾತೂ ಅಂದಿಲ್ಲ. ಆ ಮನುಷ್ಯ ಬಾಗಿಲಿನ ಮೇಲೆ ಬೆರಳಿನ ಗುರುತು ಸಹಿಸದವರು.

ಮ್ಯೂಸಿಯಮ್ಮಿಗೆ ಅದು ಬೇಕು ಅಂದರು ಮೇಡಂ. ಆ ಹೊಸ ಹಾಲ್‌ನ ನಟ್ಟನಡುವೆ ಇಡುತ್ತಾರಂತೆ, ಗಾಜಿನ ಪೆಟ್ಟಿಗೆಯಲ್ಲಿ.

"ಅದಕ್ಕೆ ನಾನು ಏನೂ ಮಾಡಿಲ್ಲವಲ್ಲ ಮೇಡಂ" ಅಂದರು ಇವರು.

"ಅದಕ್ಕೇ ಕೇಳ್ತಿರೋದು."

ಇವರು, "ಒಂದೇ ಒಂದು ಕೋಟ್?" ಅಂದರು.

"ಬೇಡ."

"ತೆಳ್ಳಗೆ?"

"ದಯವಿಟ್ಟು ಬೇಡ."

"ಒಣ ಬಟ್ಟೇಲಿ ಒರೆಸಲಾದರೂ..."

"ಮುಟ್ಟಲೇಬೇಡಿ" ಅಂದರು ಮೇಡಂ. ಹುಟ್ಟಿದಾಗಿನಿಂದ ಬೇರೆಯವರಿಗೆ ಆ ಮಾತು ಹೇಳಿಕೊಂಡು ಬಂದ ಇವರು, ಮೊದಲ ಸಲ ಅದನ್ನು ತಾವು ಕೇಳಿಸಿಕೊಂಡರು.

ಅವರು ಹೋದ ಮೇಲೆ ಇವರು ಗೋಡೆಯ ವಯಲಿನ್ನುಗಳ ಎದುರು ನೆಲದ ಮೇಲೆ ಕೂತರು. ಐದರಲ್ಲೂ ಐದು ಮುಖ ಕಾಣುತ್ತಿತ್ತು. "ಅಷ್ಟನ್ನೂ ನಾನೇ ಕೊಂದೆನಲ್ಲೇ" ಅಂದರು. ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಟೀ ಮಾಡಿ ಕೊಟ್ಟು ಪಕ್ಕದಲ್ಲಿ ಕೂತೆ. ಅಷ್ಟರಲ್ಲಿ ಹಿಂದಿನಿಂದ ಹಂದಿಯನ್ನು ಬಾಗಿಲ ಸಂದಿಗೆ ಸಿಕ್ಕಿಸಿದಂಥ ಸದ್ದು. ತಿರುಗಿ ನೋಡಿದರೆ ಅತ್ತೆ, ಹಲ್ಲು ಸೆಟ್ಟು ಹಾಕಿಕೊಂಡು, ಕಾನ್ಸರ್ಟಿನಾವನ್ನು ಎದೆಯ ಮೇಲಿಟ್ಟುಕೊಂಡು ಎಳೆಯುತ್ತಿದ್ದಾರೆ.

"ಅಮ್ಮಾ!"

"ಆ ಮ್ಯೂಸಿಯಮ್ಮಿನವಳೇ ಹೇಳಿದಳಲ್ಲೋ, ಇನ್ನು ಕೆಲಸಕ್ಕೆ ಬರಲ್ಲ ಅಂತ. ಹದಿನಾಲ್ಕು ವರ್ಷದಿಂದ ಕಾಯ್ತಾ ಇದೀನಿ."

ಇವರು ಅಮ್ಮನ ಹೆಬ್ಬೆಟ್ಟು ಪಾಲಿಶ್ ಮೇಲೆ ಒತ್ತಿದ್ದನ್ನು ನೋಡಿದರು. ಬಾಯಿ ತೆರೆದರು. ಆಮೇಲೆ ನಗಲು ಶುರುಮಾಡಿದರು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ನಗುವ ನೀರು ಯಾವುದು ಬೇರೆ ನೀರು ಯಾವುದು ನನಗೂ ತಿಳಿಯಲಿಲ್ಲ. ಮರುದಿನದಿಂದ ಬೀದಿಯಲ್ಲಿ ಯಾರು ಬಂದು ಕೇಳಿದರೂ ಇಳಿಸಿ ಕೊಡುತ್ತಿದ್ದರು. ನಮ್ಮ ಮನೆಯ ಮೌನ ಮುಗಿಯಿತು. ಆಗ ಅನ್ನಿಸಿತು, ಅದೇ ಚೆನ್ನಾಗಿತ್ತು ಅಂತ.

ಹಾಲ್ ತೆರೆದ ದಿನ ನಾವು ನಾಲ್ವರೂ ಹೋದೆವು. ನನ್ನ ಇಸ್ತ್ರಿ ಮೇಜು ದೊಡ್ಡ ಗಾಜಿನೊಳಗೆ, ಮೇಲೆ ದೀಪ, ಮಹಾರಾಣಿಯ ಹಾಗೆ ಮಲಗಿತ್ತು. ಜನ ಕೈ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದರು. ಇವರು ಗಾಜಿನ ಕಡೆ ನೋಡಲೇ ಇಲ್ಲ. ಬಗ್ಗಿ ಕೆಳಗಿನ ಮರದ ಪೀಠವನ್ನು ಉಗುರಿನಿಂದ ಸವರಿದರು. ನನ್ನ ಕಿವಿಯಲ್ಲಿ, "ಎರಡೇ ಕೋಟ್. ಅದೂ ಹಳೆಯದರ ಮೇಲೇ ಬಳಿದಿದಾರೆ" ಅಂದರು. ಎಷ್ಟೋ ವಾರದ ಮೇಲೆ ಅವರ ಬೆರಳು ಮತ್ತೆ ಸುತ್ತಲು ಶುರುಮಾಡಿದ್ದವು.

ಸೀದಾ ಮೇಡಂ ಹತ್ತಿರ ಹೋದರು. "ಮೇಡಂ, ವಾದ್ಯ ಮುಟ್ಟಲ್ಲ. ಆಣೆ. ಆ ಪೀಠ?"

ಮೇಡಂ ಪೀಠ ನೋಡಿದರು, ಇವರನ್ನು ನೋಡಿದರು. "ಅದು ಹೋದ ತಿಂಗಳು ಮಾಡಿಸಿದ್ದು. ಅದಕ್ಕೇನು ವಯಸ್ಸು ಇಲ್ಲ" ಅಂದರು. "ಮಾಡಿ."

ಹದಿನೆಂಟು ದಿನ ಹಿಡಿಯಿತು. ಮ್ಯೂಸಿಯಮ್ಮಿನ ನೆಲದ ಮೇಲೆ ಕಾಲು ಚಾಚಿ ಕೂತು ಕೆರೆದು, ಉಜ್ಜಿ, ತೀಡಿ ಹನ್ನೆರಡು ಕೋಟ್ ಮುಗಿಸಿದರು. ಸ್ಪಿರಿಟ್ಟಿನ ವಾಸನೆಗೆ ನೋಡಲು ಬಂದವರು ಸೀನಿಕೊಂಡು ಓಡಾಡಿದರು. ಕೊನೆಯ ದಿನ ನನ್ನನ್ನು ಕರೆದುಕೊಂಡು ಹೋದರು. ಆ ಪೀಠದಲ್ಲಿ ನನ್ನ ಮುಖ, ಮೇಲಿನ ದೀಪ, ಎದುರಿನ ಗೋಡೆ ಎಲ್ಲ ತಲೆಕೆಳಗಾಗಿ ಕಾಣುತ್ತಿತ್ತು. ಅಷ್ಟರಲ್ಲಿ ಇಬ್ಬರು ಕೆಲಸಗಾರರು ಹಿತ್ತಾಳೆ ಕಂಬ ತಂದು ಪೆಟ್ಟಿಗೆಯ ಸುತ್ತ ನೆಟ್ಟು, ಕೆಂಪು ಹಗ್ಗ ಕಟ್ಟಿದರು. ಬೆಲೆಬಾಳುವ ವಾದ್ಯ, ಜನ ಹತ್ತಿರ ಹೋಗಬಾರದು ಅಂತ.

ಇವರು ನನ್ನ ತೋಳು ಹಿಡಿದುಕೊಂಡರು. "ನೋಡೇ," ಅಂದರು. "ಹಗ್ಗ! ಇನ್ನು ಯಾರ ಕೈಗೂ ಎಟುಕಲ್ಲ."

"ಅದು ನನ್ನ ಇಸ್ತ್ರಿ ಮೇಜಿಗೆ ಕಟ್ಟಿದ್ದು ಕಣ್ರೀ."

"ಹಗ್ಗಕ್ಕೇನು ಗೊತ್ತು?"

ಆಮೇಲೆ ಅತ್ತೆ ತೀರಿಹೋದರು, ಅವರ ಹಿಂದೆ ಆರು ವರ್ಷಕ್ಕೆ ಇವರೂ ಹೋದರು. ಸವತಿ ಈಗ ಮಗಳ ಮನೆಯಲ್ಲಿದ್ದಾಳೆ. ಮೊಮ್ಮಗಳು ಅವಳ ಮೇಲೆ ಅಭ್ಯಾಸ ಮಾಡುತ್ತಾಳೆ, ಪಾಲಿಶ್ ಅಲ್ಲಲ್ಲಿ ಸವೆದಿದೆ. ನಾನು ತಿಂಗಳಿಗೊಮ್ಮೆ ಬಸ್ಸು ಹತ್ತಿ ಮ್ಯೂಸಿಯಮ್ಮಿಗೆ ಹೋಗುತ್ತೇನೆ. ಗಾಜಿನ ಪಕ್ಕ ಒಂದು ಫಲಕವಿದೆ. ಅಕ್ಷರ ಕೂಡಿಸಿಕೊಂಡು ಓದಿದ್ದೇನೆ: ಮುಚ್ಚಳದ ಮೇಲಿನ ವೃತ್ತಾಕಾರದ ಗುರುತಿನ ಕಾರಣ ತಿಳಿದುಬಂದಿಲ್ಲ. ಒಂದು ಸಲ ಕಾವಲಿನವನಿಗೆ, "ಅದು ನನ್ನ ಹಾಲಿನ ಪಾತ್ರೆಯಪ್ಪ, ಒಂದೂವರೆ ಲೀಟರಿಂದು" ಅಂತ ಹೇಳಿದೆ. "ಆಯ್ತಜ್ಜಿ, ಸ್ವಲ್ಪ ಹಿಂದೆ ನಿಂತ್ಕೊಳ್ಳಿ" ಅಂದ.

ಹೋದ ತಿಂಗಳು ಹೋದಾಗ, ನೆಲ ಒರೆಸುವವರು ಕೈ ಊರಿದ್ದರೋ ಏನೋ, ಪೀಠದ ಮೂಲೆಯಲ್ಲಿ ನಾಲ್ಕು ಬೆರಳಿನ ಗುರುತು ಎದ್ದು ಕಾಣುತ್ತಿತ್ತು. ನನ್ನ ಚೀಲದಲ್ಲಿ ಅವರ ಮೆತ್ತನೆಯ ಬಟ್ಟೆ ಯಾವಾಗಲೂ ಇರುತ್ತದೆ. ಆಚೀಚೆ ನೋಡಿ, ಹಗ್ಗದ ಕೆಳಗೆ ಬಗ್ಗಿ ಹೋಗಿ ಕೂತೆ. ಈ ಮಂಡಿಗೆ ಅದು ಸುಲಭದ ಕೆಲಸವಲ್ಲ. ಬಾಯಿಂದ ಹಬೆ ಬಿಟ್ಟು, ಅವರು ಮಾಡುತ್ತಿದ್ದ ಹಾಗೆಯೇ, ಸಣ್ಣ ಸಣ್ಣ ಸುತ್ತು.

"ಅಜ್ಜೀ! ಅಜ್ಜೀ, ಮುಟ್ಟಬಾರದು!" ಅಂತ ಕಾವಲಿನವನು ಓಡಿ ಬಂದ.

"ಮುಟ್ಟುತ್ತಾ ಇಲ್ಲಪ್ಪ" ಅಂದೆ, "ಒರೆಸ್ತಾ ಇದೀನಿ. ನೀನು ಬಂದಿದ್ದೇ ಆಯ್ತು, ಎಬ್ಬಿಸು. ಆದರೆ ಆ ಮರಕ್ಕೆ ಕೈ ಊರಬೇಡ."